ಸಮುದ್ರ ಬಂದರೆ ಪರದೆ ಕಪ್ಪು

ಶನಿವಾರ ಮಧ್ಯಾಹ್ನ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ ಲಿಫ್ಟ್ ಮೆಕ್ಯಾನಿಕ್, ಕೈ ತೊಳೆದವನೇ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡನ್ನು ಇನ್ನೊಮ್ಮೆ ಬಿಚ್ಚಿದ. ಆ ವಾರ ಅದನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಸ್ಕ್ರೂಗಳ ತಲೆ ಸವೆದುಹೋಗಿತ್ತು. ಒಳಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಅವನ ತಲೆ ಕೆಡಿಸಿದ್ದೇ ಅದು. ಕೆಟ್ಟದ್ದು ಕೆಟ್ಟ ಹಾಗೆ ಕಂಡರೆ ಸರಿ ಮಾಡಬಹುದು. ಕೆಟ್ಟು ಕೂತೂ ಏನೂ ಅರಿಯದ ಪಾಪದ ಮುಖ ಹೊತ್ತಿರುವ ಯಂತ್ರವನ್ನು ಯಾರಾದರೂ ಏನು ಮಾಡಿಯಾರು?

ನಾಲ್ಕು ಗಂಟೆಗೆ ಮಗಳು ಆಟಕ್ಕೆ ಬರುವವಳಿದ್ದಳು. ಇವತ್ತು ಪರದೆ ಕಪ್ಪಾಗಬಾರದು. ವಿಷಯ ಇಷ್ಟೇ.

ಬುಧವಾರ ಅವಳು ಫೋನಿನಲ್ಲಿ ಹೇಳಿಯಾಗಿತ್ತು. "ಇದೇ ಕೊನೇ ಸಲ ಅಪ್ಪ. ಈ ಸಲಾನೂ ನಡುವೆ ಹೋಗಿಬಿಟ್ರೆ ಇನ್ಮೇಲೆ ಶನಿವಾರ ನಾನು ಈಜಿನ ಕ್ಲಾಸಿಗೆ ಸೇರ್ಕೋತೀನಿ. ಅಮ್ಮ ಹೂಂ ಅಂದಿದಾಳೆ."

ದನಿಯಲ್ಲಿ ಅಳುವಿರಲಿಲ್ಲ, ಮುನಿಸೂ ಇರಲಿಲ್ಲ. ಹತ್ತು ವರ್ಷದ ಹುಡುಗಿ ಅತ್ತಿದ್ದರೆ ಏನಾದರೂ ಹೇಳಿ ರಮಿಸಬಹುದಿತ್ತು. ಹೀಗೆ ದೊಡ್ಡವರ ಹಾಗೆ ತೀರ್ಮಾನ ತಿಳಿಸಿದರೆ ಯಾವ ಮಾತನ್ನು ಎಲ್ಲಿಂದ ತರುವುದು? "ಹೋಗಲ್ಲ ಪುಟ್ಟಿ" ಎಂದಷ್ಟೇ ಅವನು ಹೇಳಿದ. ಆ ಮಾತನ್ನು ಅವಳು ಮೊದಲೂ ಕೇಳಿದ್ದಳು.

ಅವನಿಗೂ ಅವಳ ಅಮ್ಮನಿಗೂ ಮದುವೆ ಮುರಿದು ಕೆಲವು ವರ್ಷಗಳಾಗಿದ್ದವು. ಮುರಿದದ್ದು ಯಾವ ದೊಡ್ಡ ಜಗಳದಿಂದಲೂ ಅಲ್ಲ, ಫೋನಿನಿಂದ. ಯಾವುದೋ ಕಟ್ಟಡದಲ್ಲಿ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ಇವನ ಫೋನು ಹೊಡೆದುಕೊಳ್ಳುತ್ತಿತ್ತು, ಇವನು ಬಾಯಿಗೆ ಹೊರಟ ತುತ್ತನ್ನು ತಟ್ಟೆಗಿಟ್ಟು ಎದ್ದುಬಿಡುತ್ತಿದ್ದ. ಮಗಳು ಮೊದಲ ಹೆಜ್ಜೆ ಇಟ್ಟಾಗ ಒಂದು ಬಟ್ಟೆ ಅಂಗಡಿಯ ಲಿಫ್ಟಿನಡಿಯ ಗುಂಡಿಯಲ್ಲಿದ್ದ. ಮನೆಯಲ್ಲಿದ್ದಾಗಲೂ ಒಂದು ಕಿವಿ ಫೋನಿಗೇ ಮೀಸಲು. ಕೆಟ್ಟವನೇನಲ್ಲ, ಕುಡಿತವಿಲ್ಲ, ಕೈ ಎತ್ತಿದವನಲ್ಲ. ಇದ್ದೂ ಇರುತ್ತಿರಲಿಲ್ಲ, ಅಷ್ಟೇ. ಹೆಂಡತಿ ಎಷ್ಟು ದಿನ ಸಹಿಸಿಯಾಳು? ಆಮೇಲೆ ಅವಳು ಒಬ್ಬ ಹಲ್ಲಿನ ಡಾಕ್ಟರನ್ನು ಮದುವೆಯಾಗಿ, ಮಗಳನ್ನು ಕರೆದುಕೊಂಡು, ರೈಲಿನಲ್ಲಿ ಒಂದಿಡೀ ದಿನದ ದೂರಕ್ಕೆ ಹೋದಳು. ಶನಿವಾರ ಸಂಜೆಯ ಹೊತ್ತು ಮಾತ್ರ ಇವನ ಪಾಲಿಗೆ ಉಳಿಯಿತು.

ಫೋನಿನಲ್ಲಿ ಮಾತಾಡು ಎಂದರೆ ಮಕ್ಕಳು ಎಷ್ಟು ಮಾತಾಡುತ್ತಾರೆ? ಊಟ ಆಯ್ತಾ, ಆಯ್ತು. ಶಾಲೆ ಹೇಗಿದೆ, ಇದೆ. ಅಲ್ಲಿಗೆ ಮುಗಿಯಿತು. ಕೊನೆಗೆ ದಾರಿ ತೋರಿಸಿದವಳು ಪುಟ್ಟಿಯೇ. "ನೀನೂ ಒಂದು ಕಂಪ್ಯೂಟರ್ ತಗೋ ಅಪ್ಪ, ಇಬ್ರೂ ಒಟ್ಟಿಗೆ ಆಡಬಹುದು" ಎಂದಳು. ಹೊಡೆದಾಟದ ಆಟವಲ್ಲ ಅದು. ಕಲ್ಲು ಒಡೆದು, ಮರ ಕಡಿದು, ಮಣ್ಣು ಅಗೆದು ಬೇಕಾದ್ದನ್ನು ಕಟ್ಟಿಕೊಳ್ಳುವ ಒಂದು ಲೋಕ. ಅಲ್ಲಿ ಮಗಳಿಗೆ ಬೆಕ್ಕಿನ ಕಿವಿ, ಅಪ್ಪನಿಗೆ ಕೆಂಪು ಟೋಪಿ. ಇಬ್ಬರೂ ಕಾಡಿನಲ್ಲಿ ಅಲೆಯುತ್ತ, ಕುರಿ ಅಟ್ಟುತ್ತ, ಕಂಡ ಕಂಡ ಗುಹೆಗೆ ಇಳಿಯುತ್ತ ಮಾತಾಡುತ್ತಿದ್ದರು. ಕೈಗೆ ಕೆಲಸವಿದ್ದರೆ ಬಾಯಿ ತಾನಾಗಿ ಬಿಡುತ್ತದೆ. ಶಾಲೆಯಲ್ಲಿ ಯಾರು ಯಾರ ಜೊತೆ ಟೂ ಬಿಟ್ಟರು, ಯಾವ ಟೀಚರ್ ಮೂಗಿನಲ್ಲೇ ಮಾತಾಡುತ್ತಾರೆ, ಎಲ್ಲವೂ ಇವನಿಗೆ ತಿಳಿಯತೊಡಗಿತು. ಹಿಂದೆಂದಾದರೂ ಇಷ್ಟು ಸುಖವಾಗಿ ಇದ್ದದ್ದು ಇವನಿಗೆ ನೆನಪಿಲ್ಲ.

ಪುಟ್ಟಿ ಆ ಲೋಕದಲ್ಲಿ ಸಮುದ್ರದ ದಡದಲ್ಲೊಂದು ಮನೆ ಕಟ್ಟಿದ್ದಳು. ವಾರಗಟ್ಟಲೆ ಒಬ್ಬಳೇ ಕೂತು ಕಟ್ಟಿದ್ದು. ಅಪ್ಪ ಮೊದಲು ನೋಡಬೇಕು, ಆಮೇಲೆ ಬೇರೆಯವರು ಎಂದು ಹಟ ಹಿಡಿದಿದ್ದಳು. ಆದರೆ ಕಾಡು ದಾಟಿ, ಗುಡ್ಡ ಹತ್ತಿ, ಆಚೆ ಬದಿಗೆ ಸಮುದ್ರ ಕಂಡಿತೋ ಇಲ್ಲವೋ, ಇವನ ಪರದೆ ಕಪ್ಪಾಗುತ್ತಿತ್ತು. ಪೆಟ್ಟಿಗೆಯ ದೀಪ ಉರಿಯುತ್ತಲೇ ಇರುತ್ತಿತ್ತು, ಚಿತ್ರ ಮಾತ್ರ ಮಾಯ. ಎಲ್ಲವನ್ನೂ ಆರಿಸಿ ಮತ್ತೆ ಹೊತ್ತಿಸಿ ಒಳಗೆ ಬರುವಷ್ಟರಲ್ಲಿ ಪುಟ್ಟಿ ಎದ್ದು ಹೋಗಿರುತ್ತಿದ್ದಳು. ಫೋನು ಮಾಡಿದರೆ ಅವಳ ಅಮ್ಮ ಎತ್ತುತ್ತಿದ್ದಳು.

"ಮೊದಲು ಲಿಫ್ಟು, ಈಗ ಕಂಪ್ಯೂಟರು" ಎಂದಿದ್ದಳು ಅವಳು ಕಳೆದ ವಾರ. "ಸರಿಯಾಗಿ ಅವಳ ಮನೆ ಹತ್ರ ಬಂದಾಗಲೇ ಕೆಡತ್ತಾ? ನಿನಗೆ ಆ ಮನೆ ನೋಡೋಕೆ ಇಷ್ಟ ಇಲ್ಲ ಅಂತ ತಿಳ್ಕೊಂಡಿದೆ ಮಗು."

ನಿಜ ಹೇಳಿದರೂ ಸುಳ್ಳಿನ ಹಾಗೆ ಕೇಳಿಸುವುದಕ್ಕಿಂತ ದೊಡ್ಡ ಸಂಕಟವಿಲ್ಲ. ಇವನು ಜೀವಮಾನವೆಲ್ಲ ಎದ್ದು ಹೋದವನು. ಈಗ ಒಮ್ಮೆ ಕೂತೇ ಇದ್ದೇನೆ, ಯಂತ್ರ ಎದ್ದು ಹೋಯಿತು ಎಂದರೆ ಯಾರು ನಂಬುತ್ತಾರೆ?

ಅವತ್ತಿನಿಂದ ಅವನು ಮಾಡದ ಪ್ರಯತ್ನವಿಲ್ಲ. ಆಟವನ್ನು ಅಳಿಸಿ ಹೊಸದಾಗಿ ಹಾಕಿದ. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ಹಾಕಿದ, ತೆಗೆದ, ಹಳೆಯದನ್ನು ಹುಡುಕಿ ಹಾಕಿದ. ಪರದೆಯ ಚಿತ್ರವನ್ನೆಲ್ಲ ಬಿಡಿಸುವ ಆ ಕಾರ್ಡು ಪೆಟ್ಟಿಗೆಯೊಳಗೆ ಅಡ್ಡಲಾಗಿ ಕೂತ ಒಂದು ದಪ್ಪನೆಯ ಹಲಗೆ, ಅದರ ಹೊಟ್ಟೆಗೆ ಅಂಟಿಕೊಂಡ ಪುಟ್ಟ ಫ್ಯಾನು. ಅದನ್ನೂ ಕಿತ್ತು, ತುದಿಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿದ. ವಿದ್ಯುತ್ತು ಕೊಡುವ ಪೆಟ್ಟಿಗೆಯನ್ನೇ ಬದಲಾಯಿಸಿದ. ಕೋಣೆಯ ಗೋಡೆಯ ಪ್ಲಗ್ಗು ಬಿಚ್ಚಿ ಅರ್ತಿಂಗ್ ಸರಿಯಿದೆಯೇ ಎಂದು ಮೀಟರ್ ಹಿಡಿದು ನೋಡಿದ. ಕೆಳಗಿನ ಮನೆಯವರು ಬಂದು ಯಾಕೆ ಕರೆಂಟು ಹೋಗುತ್ತ ಬರುತ್ತ ಇದೆ ಎಂದು ಕೇಳಿದರು, ಅವರಿಗೂ ಒಂದಿಷ್ಟು ಅರ್ತಿಂಗಿನ ಪಾಠ ಹೇಳಿ ಕಳಿಸಿದ. ಒಬ್ಬನೇ ಆಟದೊಳಗೆ ಹೋಗಿ ಗುಡ್ಡ ಹತ್ತಿ ನೋಡಿದ. ಸಮುದ್ರ ಕಂಡಿತು, ಪರದೆ ಕಪ್ಪಾಯಿತು.

ಲಿಫ್ಟಿನ ಕೆಲಸದಲ್ಲಿ ಅವನು ಹೊಸಬರಿಗೆ ಹೇಳುತ್ತಿದ್ದ ಮೊದಲ ಮಾತು ಒಂದಿತ್ತು. ಕೆಟ್ಟ ಲಿಫ್ಟಿನ ಮುಂದೆ ನಿಂತಾಗ, ಕೊನೆಗೆ ಯಾರು ಎಲ್ಲಿ ಕೈ ಹಾಕಿದ್ದರು ಎಂದು ಕೇಳಿ, ಅಲ್ಲಿಂದ ಹುಡುಕಲು ಶುರು ಮಾಡಬೇಕು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತದೆ. ಇಷ್ಟು ಚೆನ್ನಾಗಿ ಪಾಠ ಹೇಳುವವನಿಗೆ ಪರದೆ ಕಪ್ಪಾಗಲು ಶುರುವಾಗುವ ಮುಂಚೆ ಈ ಪೆಟ್ಟಿಗೆಯೊಳಗೆ ಕೊನೆಗೆ ಕೈ ಹಾಕಿದವನು ತಾನೇ ಎಂಬುದು ಹೊಳೆಯಲೇ ಇಲ್ಲ. ನಮ್ಮ ಕೈಗೆ ನಾವು ಯಾವತ್ತೂ ಮಾಫಿ ಕೊಟ್ಟಿರುತ್ತೇವೆ.

ಮೂರು ಗಂಟೆ ಹೊಡೆಯಿತು. ತಗಡು ಹಾಸಿಗೆಯ ಮೇಲೆ, ಸ್ಕ್ರೂಗಳು ಚಹಾದ ಲೋಟದಲ್ಲಿ. ಕಿಟಕಿಯಾಚೆ ಎದುರು ಕಟ್ಟಡದ ಮೆಟ್ಟಿಲ ಮೇಲೆ ಯಾರೋ ಕಂಬಳಿ ಕೊಡವುತ್ತಿದ್ದರು. ಅವನು ಎದ್ದು ಕೋಣೆಯಲ್ಲಿ ಶತಪಥ ಹಾಕಿದ. ಒಂದು ದಾರಿ ಇನ್ನೂ ಉಳಿದಿತ್ತು. ಅದನ್ನು ನೆನೆಸಿಕೊಂಡರೇ ಬಾಯಿ ಕಹಿಯಾಗುತ್ತಿತ್ತು.

ಹಲ್ಲಿನ ಡಾಕ್ಟರು ಕಂಪ್ಯೂಟರುಗಳನ್ನು ಸ್ವತಃ ಜೋಡಿಸುವವರು. ಪುಟ್ಟಿ ಆಡುವ ಕಂಪ್ಯೂಟರು ಅವರೇ ಜೋಡಿಸಿದ್ದು. "ಏನಾದ್ರೂ ತೊಂದರೆ ಆದ್ರೆ ಸಂಕೋಚ ಬೇಡ, ಫೋನ್ ಮಾಡಿ" ಎಂದು ಹಿಂದೊಮ್ಮೆ ಸಂದೇಶ ಕಳಿಸಿದ್ದರು. ಅದಕ್ಕೆ ಇವನು ಉತ್ತರವನ್ನೂ ಕೊಟ್ಟಿರಲಿಲ್ಲ. ನನ್ನ ಹೆಂಡತಿಯಾಗಿದ್ದವಳು ಅವನ ಮನೆಯಲ್ಲಿ, ನನ್ನ ಮಗಳು ಅವನ ಮನೆಯಲ್ಲಿ, ಇನ್ನು ನನ್ನ ಮೇಜಿನ ಮೇಲಿನ ಪೆಟ್ಟಿಗೆಗೂ ಅವನೇ ಬರಬೇಕೇ ಎಂದು ಹೊಟ್ಟೆಯುರಿ. ಹೊಟ್ಟೆಯುರಿಗೆ ನ್ಯಾಯ ಅನ್ಯಾಯ ಗೊತ್ತಾಗುವುದಿಲ್ಲ, ಡಾಕ್ಟರು ಮದುವೆ ಮುರಿದ ಮೇಲೆ ಬಂದವರು ಎಂಬುದು ಇವನಿಗೂ ಗೊತ್ತಿತ್ತು.

ಮೂರೂಕಾಲಿಗೆ ಅವನು ಫೋನು ತೆಗೆದು, ಒತ್ತಿ, ಕಿವಿಗಿಟ್ಟುಕೊಂಡ. ಆ ಕಡೆ ಡಾಕ್ಟರು ಎತ್ತಿದರು.

"ನಾನು" ಎಂದ. "ಪುಟ್ಟಿ ಅಪ್ಪ."

"ಗೊತ್ತಾಯ್ತು, ಹೇಳಿ." ಡಾಕ್ಟರ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಕೆಳದನಿಯಲ್ಲಿ, "ಇಲ್ಲೇ ಹೊರಗೆ ಬರ್ತೀನಿ, ಒಂದ್ನಿಮಿಷ" ಎಂದರು. ಬಾಗಿಲು ಮುಚ್ಚಿದ ಸದ್ದು ಕೇಳಿತು. "ಅದೇ ತೊಂದರೆ ತಾನೇ? ಸಮುದ್ರದ್ದು?"

ಹಾಗಾದರೆ ಆ ಮನೆಯಲ್ಲಿ ಈ ಸುದ್ದಿ ಎಲ್ಲರಿಗೂ ಗೊತ್ತು. ಇವನಿಗೆ ಮುಖ ಬಿಸಿಯಾಯಿತು. ಆದರೂ ಹೇಳಿದ. ಒಂದೂ ಬಿಡದೆ ಹೇಳಿದ, ಅರ್ತಿಂಗು ಸೇರಿಸಿ. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ರೋಗಿಯನ್ನು ಕೇಳುವ ಹಾಗೆ ಒಂದೊಂದಾಗಿ ಕೇಳಿದರು. ಆಟ ಶುರುವಾದ ಕೂಡಲೇ ಆಗುತ್ತದೆಯೋ, ಸ್ವಲ್ಪ ಹೊತ್ತು ಆದ ಮೇಲೋ? ಸ್ವಲ್ಪ ಹೊತ್ತಾದ ಮೇಲೆ. ಪೆಟ್ಟಿಗೆ ಮುಟ್ಟಿದರೆ ಬಿಸಿಯೋ? ಬಿಸಿ, ಆದರೆ ಬಿಸಿ ಇರುವುದು ಸಹಜವಲ್ಲವೇ.

"ಒಂದು ಚಿಕ್ಕ ಪ್ರೋಗ್ರಾಮ್ ಹೇಳ್ತೀನಿ, ಹಾಕ್ಕೊಳ್ಳಿ. ಪರದೆ ಮೂಲೇಲಿ ಕಾರ್ಡಿನ ಬಿಸಿ ಎಷ್ಟಿದೆ ಅಂತ ಅಂಕಿ ತೋರಿಸತ್ತೆ."

ಹಾಕಿಕೊಂಡ. ಮೇಲ್ಗಡೆ ಮೂಲೆಯಲ್ಲಿ ಹಸಿರು ಬಣ್ಣದಲ್ಲಿ ನಲವತ್ತೆಂಟು ಎಂದು ಮೂಡಿತು. ಆಟ ತೆರೆದ. ಅರವತ್ತು. ಕಾಡಿನಲ್ಲಿ ನಾಲ್ಕು ಹೆಜ್ಜೆ ಓಡಿದ. ಎಪ್ಪತ್ತು ದಾಟಿ, ಎಂಬತ್ತರ ಬಳಿ ಬಂತು. ಇನ್ನೂ ಗುಡ್ಡದ ಬುಡವೂ ಸಿಕ್ಕಿರಲಿಲ್ಲ. ಗುಡ್ಡದ ಮೇಲೆ ತೊಂಬತ್ತಾಗಿ ಅಂಕಿ ಕೆಂಪಾಯಿತು, ನೀರಿನ ಹೊಳಪು ಪರದೆಯ ಅಂಚಿಗೆ ಬಂದದ್ದೇ ತಡ, ಕಪ್ಪು.

"ಕಪ್ಪು" ಎಂದ ಫೋನಿಗೆ.

"ಸುಟ್ಟುಹೋಗಬಾರದು ಅಂತ ಅದೇ ಕೈ ಎತ್ತಿಬಿಡತ್ತೆ. ಸಮುದ್ರ ಬಂದ್ರೆ ಅದಕ್ಕೆ ದುಡಿಮೆ ಜಾಸ್ತಿ, ಅಲೆ, ನೆರಳು, ಪ್ರತಿಬಿಂಬ ಎಲ್ಲ ಬರೀಬೇಕಲ್ಲ. ಆದ್ರೆ ಇಷ್ಟು ಬೇಗ ಕಾಯಬಾರದು. ಕಾರ್ಡಿನ ಫ್ಯಾನ್ ತಿರುಗ್ತಾ ಇದೆಯಾ?"

"ತಿರುಗತ್ತೆ. ಮೊದಲು ಕೀಂಯ್ ಅಂತಿತ್ತು. ಈಗ ಸದ್ದೇ ಇಲ್ಲ." ಹೇಳುವಾಗ ಅವನಿಗೆ ಒಂಚೂರು ಹೆಮ್ಮೆ. "ನಾನೇ ಸರಿ ಮಾಡಿದ್ದು."

"ಏನು ಮಾಡಿದ್ರಿ?"

"ಹೋದ ತಿಂಗಳು ಗ್ರೀಸ್ ಹಾಕಿದೆ."



"ಯಾವ ಗ್ರೀಸು?" ಎಂದರು ಡಾಕ್ಟರು ಸ್ವಲ್ಪ ತಡೆದು.

"ನಮ್ದೇ. ಲಿಫ್ಟಿನ ಹಳಿಗೆ ಹಾಕೋದು."

ಹೇಳುತ್ತ ಹೇಳುತ್ತಲೇ ಅವನಿಗೆ ಗೊತ್ತಾಗಿ ಹೋಯಿತು. ಆಳೆತ್ತರದ ಕಬ್ಬಿಣದ ಡಬ್ಬಿಯನ್ನು ಜಾರಿಸುವುದಕ್ಕೆಂದು ಇರುವ ಗ್ರೀಸು, ಜೇನಿನಷ್ಟು ಗಟ್ಟಿ. ಅದನ್ನು ಅಂಗೈಯಗಲದ ಫ್ಯಾನಿನ ಕಣ್ಣಿಗೆ ತುಂಬಿದ್ದ. ತಿರುಗುವುದೆಲ್ಲ ಗ್ರೀಸು ಕೇಳುತ್ತದೆ ಎಂದು ನಂಬಿದವನ ಬುದ್ಧಿ. ಸದ್ದು ನಿಂತದ್ದು ರೋಗ ವಾಸಿಯಾಗಿ ಅಲ್ಲ, ಫ್ಯಾನಿಗೆ ಕಿರುಚುವಷ್ಟು ಓಡಲು ಆಗುತ್ತಿರಲಿಲ್ಲ. ಬಗ್ಗಿ ನೋಡಿದ. ರೆಕ್ಕೆಗಳನ್ನು ಒಂದೊಂದಾಗಿ ಕಣ್ಣಲ್ಲೇ ಎಣಿಸಬಹುದಿತ್ತು, ಅಷ್ಟು ನಿಧಾನ. ಒಂದು ವಾರ ಇದರ ಮುಂದೆಯೇ ಕೂತು, ಎಂಥ ಮೌನ, ಎಂಥ ಕೆಲಸ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಡಾಕ್ಟರು ನಕ್ಕಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಅವರು ನಗಲಿಲ್ಲ. "ಈಗ ಬಿಚ್ಚಿ ತೊಳೆಯೋಕೆ ಹೊತ್ತಿಲ್ಲ" ಎಂದರು. "ನಾಲ್ಕಕ್ಕೆ ಅವಳು ಬರ್ತಾಳೆ. ಪೆಟ್ಟಿಗೆ ತೆರೆದೇ ಇಡಿ. ಟೇಬಲ್ ಫ್ಯಾನ್ ಇದ್ರೆ ಅದಕ್ಕೆ ನೇರ ಹಿಡಿದು ಇಡಿ. ಆಟದಲ್ಲಿ ಎಲ್ಲಾನೂ ಕೆಳಗಿಳಿಸಿ. ನೆರಳು ಬೇಡ, ನೀರಿನ ಹೊಳಪು ಬೇಡ. ತೊಂಬತ್ತರ ಒಳಗೆ ಇದ್ರೆ ನಡೆಯತ್ತೆ. ಅಂಕಿ ಮೇಲೆ ಕಣ್ಣಿಟ್ಟಿರಿ."

"ಆಯ್ತು" ಎಂದ. ಥ್ಯಾಂಕ್ಸ್ ಎನ್ನಬೇಕಿತ್ತು, ಬಾಯಿಗೆ ಬರಲಿಲ್ಲ. "ನೀವು ಹೇಳಿದ್ದು ಒಳ್ಳೇದಾಯ್ತು" ಎಂದ.

"ಒಂದು ಮಾತು" ಎಂದರು ಡಾಕ್ಟರು. "ಆ ಮನೇನ ನಾನೂ ನೋಡಿಲ್ಲ. ಕೋಣೆಗೆ ಬಂದ್ರೆ ಪರದೆಗೆ ಕೈ ಅಡ್ಡ ಹಿಡೀತಾಳೆ."

ಅವನು ಫೋನು ಕೆಳಗಿಟ್ಟು ಹಾಸಿಗೆಯ ಕಾಲಬದಿಯಿಂದ ಟೇಬಲ್ ಫ್ಯಾನನ್ನು ಎಳೆದು ತಂದ.

ನಾಲ್ಕಕ್ಕೆ ಸರಿಯಾಗಿ ಬೆಕ್ಕಿನ ಕಿವಿ ಕಾಡಿನ ಅಂಚಿನಲ್ಲಿ ಮೂಡಿತು.

"ಬಂದ್ಯಾ?" ಎಂದಿತು ಹೆಡ್‌ಫೋನಿನೊಳಗಿನ ದನಿ.

"ಬಂದೆ."

"ಇವತ್ತು ಕೆಡತ್ತಾ?"

"ಕೆಡಬಾರದು. ನೋಡೋಣ."

"ನೋಡೋಣ" ಎಂದಳು ಪುಟ್ಟಿ. ನಂಬಿದ ದನಿಯಲ್ಲ ಅದು. "ನನ್ನ ಹಿಂದೇನೇ ಬಾ. ಕುರಿ ಗಿರಿ ಅಂತ ನಿಲ್ಲಬೇಡ."

ಹೊರಟರು. ಎಲ್ಲವನ್ನೂ ಇಳಿಸಿದ್ದರಿಂದ ಕಾಡು ಚಪ್ಪಟೆಯಾಗಿತ್ತು. ಎಲೆಗಳಿಗೆ ಅಲುಗಾಟವಿಲ್ಲ, ಮರಗಳಿಗೆ ನೆರಳಿಲ್ಲ. ಟೇಬಲ್ ಫ್ಯಾನಿನ ಗಾಳಿಗೆ ಮೇಜಿನ ಮೇಲಿದ್ದ ಕಾಗದಗಳು ಹಾರಿ ನೆಲಕ್ಕೆ ಬಿದ್ದವು, ಅವನು ತಿರುಗಿ ನೋಡಲಿಲ್ಲ. ಅವನ ಕಣ್ಣು ಮೂಲೆಯ ಅಂಕಿಗೆ ಅಂಟಿತ್ತು. ಅರವತ್ತೈದು. ಎಪ್ಪತ್ತು. ಗುಡ್ಡದ ಬುಡದಲ್ಲಿ ಎಪ್ಪತ್ತನಾಲ್ಕು. ಅಂಗೈ ಬೆವೆತು ಮೌಸು ಜಾರುತ್ತಿತ್ತು.

"ಶಾಲೇಲಿ ಏನಾಯ್ತು ಗೊತ್ತಾ" ಎಂದು ಅವಳು ಏನೋ ಶುರು ಮಾಡಿದಳು. "ಹೂಂ" ಎಂದ. ಎಪ್ಪತ್ತೊಂಬತ್ತು. "ಆಮೇಲೆ ಅವಳು ಹಂಗಂದ್ಳು." "ಹೂಂ." ಎಂಬತ್ತೊಂದು.

ಗುಡ್ಡದ ತುದಿ. ಇಲ್ಲಿಯೇ ಪ್ರತಿ ಸಲ ಮುಗಿಯುತ್ತಿದ್ದದ್ದು. ಆಚೆ ಬದಿಗೆ ಬೂದು ಬಣ್ಣದ ಒಂದು ಹಾಳೆಯಂಥದ್ದು ಕಂಡಿತು, ಅದೇ ಸಮುದ್ರ ಇರಬೇಕು. ಅಂಕಿ ಎಂಬತ್ತಾರಕ್ಕೆ ಹಾರಿತು, ಅಲ್ಲಿ ತಡೆಯಿತು, ಎಂಬತ್ತೈದಕ್ಕೆ ಇಳಿಯಿತು. ಪರದೆ ಹಾಗೇ ಇತ್ತು.

"ಇದೀಯಾ?" ಎಂದಳು ಪುಟ್ಟಿ.

"ಇದೀನಿ."

ಬೆಕ್ಕಿನ ಕಿವಿ ಎರಡು ಸಲ ಮೇಲೆ ಕೆಳಗೆ ಜಿಗಿಯಿತು. ಆಮೇಲೆ ಒಂದೇ ಉಸಿರಿಗೆ ಇಳಿಜಾರಿನಲ್ಲಿ ಓಡಿದಳು, ಇವನು ಹಿಂದೆ ಓಡಿದ. ಬಾಗಿಲು ಬಂತು, ತೆರೆಯಿತು. ಇದು ಪಡಸಾಲೆ ಅಪ್ಪ, ಇದಕ್ಕೆ ಬಣ್ಣ ಮಾಡೋಕೆ ಹೂವು ಹುಡುಕಿ ಹುಡುಕಿ ಸಾಕಾಯ್ತು. ಹೌದಾ. ಎಂಬತ್ತೇಳು. ಇದು ಅಡುಗೆಮನೆ, ನಿಜವಾಗಲೂ ಹೊಗೆ ಹೋಗತ್ತೆ ನೋಡು. ಹಾಂ, ಚೆನ್ನಾಗಿದೆ. ಎಂಬತ್ತೆಂಟು. ಹೊಗೆ ಯಾಕೆ ಬೇಕಿತ್ತು, ಬೇಗ ಆಚೆ ಹೋಗು. ಇದು ನಿನ್ನ ಕೋಣೆ. ಹೂಂ. ಎಂಬತ್ತೆಂಟು, ಎಂಬತ್ತೇಳು, ಎಂಬತ್ತೆಂಟು. ಗೆದ್ದೆ, ಇನ್ನೊಂದು ಸ್ವಲ್ಪ, ಗೆದ್ದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಬೆಕ್ಕಿನ ಕಿವಿ ಮೆಟ್ಟಿಲ ಬುಡದಲ್ಲಿ ನಿಂತು ಇವನ ಕಡೆ ತಿರುಗಿತು.

"ಅಪ್ಪ, ಪಡಸಾಲೆ ಗೋಡೆ ಯಾವ ಬಣ್ಣ?"

ಗೋಡೆ ಇತ್ತು ಎಂಬುದು ಅವನಿಗೆ ಗೊತ್ತು, ಅಷ್ಟೇ. ಕೆಂಪೋ ಬಿಳಿಯೋ ಎಂದು ಊಹೆ ಮಾಡಲು ಹೊರಟು, ಊಹೆ ತಪ್ಪಿದರೆ ಏನಾಗುತ್ತದೆಂದು ಹೆದರಿ ನಿಲ್ಲಿಸಿದ.

"ನಿನ್ನ ಕೋಣೇಲಿ ಏನೇನಿತ್ತು?"

ಅದೂ ಗೊತ್ತಿರಲಿಲ್ಲ. ತನಗೆಂದು ಒಂದು ಕೋಣೆ ಇತ್ತು ಎಂಬುದೇ ಈಗ ತಲೆಗೆ ಇಳಿಯಿತು. ಯಂತ್ರ ಈ ಸಲ ಕೈಕೊಟ್ಟಿರಲಿಲ್ಲ. ತಾಸುಗಟ್ಟಲೆ ಹೆಣಗಿ, ಮಾನ ಬಿಟ್ಟು ಫೋನು ಮಾಡಿ, ಮಗಳ ಮನೆಯೊಳಗೆ ಕಾಲಿಟ್ಟು, ಅಲ್ಲಿಯೂ ಅವನು ಇರಲಿಲ್ಲ.

"ನೋಡಲಿಲ್ಲ ಪುಟ್ಟಿ" ಎಂದ. "ಇಲ್ಲಿ ಮೂಲೇಲಿ ಒಂದು ಅಂಕಿ ಇದೆ. ಕಾರ್ಡ್ ಎಷ್ಟು ಬಿಸಿ ಅಂತ. ಅದು ತೊಂಬತ್ತಾದ್ರೆ ನಾನು ಹೋಗಿಬಿಡ್ತೀನಿ. ಅದನ್ನೇ ನೋಡ್ತಾ ಇದ್ದೆ."

"ಪೂರ್ತಿ ಹೊತ್ತೂ?"

"ಪೂರ್ತಿ ಹೊತ್ತೂ."

"ಸಮುದ್ರ?"

"ಸಮುದ್ರ ನನಗೆ ಬೂದು ಹಾಳೆ ಥರ ಕಾಣತ್ತೆ. ಎಲ್ಲ ಇಳಿಸಿಬಿಟ್ಟಿದೀನಿ. ಇಳಿಸದೇ ಇದ್ರೆ ನಿಲ್ಲೋಕಾಗಲ್ಲ."

ಆ ಕಡೆಯ ಮನೆಯಲ್ಲಿ ಪಾತ್ರೆ ಇಟ್ಟ ಸದ್ದು, ಯಾರೋ ನಡೆದುಹೋದ ಸದ್ದು ಕೇಳಿತು. ಈಗ ಎದ್ದು ಹೋಗುತ್ತಾಳೆ, ನ್ಯಾಯವೇ ಅದು ಎಂದುಕೊಂಡ ಅವನು. ಈಜು ಕಲಿಯಲಿ. ನೀರಿನಲ್ಲಾದರೂ ಯಾರಾದರೂ ಕಣ್ಣು ಬಿಡದೆ ನೋಡಿಕೊಳ್ಳುತ್ತಾರೆ.

"ಹೋದ್ರೆ ಹೋಗು" ಎಂದಳು ಪುಟ್ಟಿ. "ಹೋಗೋವರೆಗೂ ನೋಡು."

ಅವನು ಕೆಲಸದ ಚೀಲಕ್ಕೆ ಕೈ ಹಾಕಿ ಕಪ್ಪು ಇನ್ಸುಲೇಷನ್ ಟೇಪು ತೆಗೆದು, ಒಂದು ತುಂಡನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಪರದೆಯ ಮೂಲೆಗೆ ಅಂಟಿಸಿದ. ಅಂಕಿ ಮರೆಯಾಯಿತು. ಇಪ್ಪತ್ತು ವರ್ಷ ಮೀಟರು ನೋಡಿಕೊಂಡೇ ಬದುಕಿದವನಿಗೆ ಕೈಗಂಬಿ ಇಲ್ಲದ ಮಾಳಿಗೆಯ ಅಂಚಿನಲ್ಲಿ ನಿಂತ ಹಾಗಾಯಿತು.

"ಬಾ, ಬಾಗಿಲಿಂದ ಶುರು ಮಾಡೋಣ" ಎಂದ.

"ಓಡಬೇಡ ಈ ಸಲ."

ಓಡಲಿಲ್ಲ. ಬಾಗಿಲಿಗೆ ಎರಡು ಚಿಲಕ, ಒಂದು ಎತ್ತರದಲ್ಲಿ, ಒಂದು ಅವಳಿಗೆ ಎಟುಕುವಷ್ಟರಲ್ಲಿ. ಪಡಸಾಲೆಯ ಗೋಡೆ ಹಳದಿ, ಒಂದು ಮೂಲೆಯಲ್ಲಿ ಮಾತ್ರ ಬಿಳಿ. ಹೂವು ಮುಗಿದುಹೋಯಿತಂತೆ. ಅಡುಗೆಮನೆಯ ಒಲೆಯಿಂದ ಹೊಗೆ ಎದ್ದು ಹೊಗೆಗೂಡಿನಿಂದ ಹೊರಗೆ ಹೋಗುತ್ತಿತ್ತು, ಒಲೆಯ ಪಕ್ಕ ಎರಡೇ ಕುರ್ಚಿ. ಇವನ ಕೋಣೆಯಲ್ಲಿ ಒಂದು ಮಂಚ, ಉಪಕರಣ ಇಡಲು ಗೋಡೆಗೊಂದು ಹಲಗೆ, ನೆಲದ ಮೇಲೆ ಒಂದು ಪೆಟ್ಟಿಗೆ. ಪೆಟ್ಟಿಗೆ ತೆರೆದು ನೋಡಿದ. ಒಳಗೆ ರೊಟ್ಟಿಯೊಂದಿತ್ತು.

"ಊಟ ಬಿಟ್ಟು ಬರ್ತೀಯಲ್ಲ, ಅದಕ್ಕೆ" ಎಂದಳು ಪುಟ್ಟಿ.

ಅವನಿಗೆ ಕಣ್ಣು ತುಂಬಿತು. ಒರೆಸಿಕೊಳ್ಳಲು ಮೌಸು ಬಿಡಬೇಕಿತ್ತು, ಬಿಡಲಿಲ್ಲ. ಹಾಗೇ ಮಂಜಾಗಿ ನೋಡಿದ.

"ಕೋಣೆಗೆ ಕಿಟಕಿ ಇದೆ, ನೋಡು" ಎಂದಳು. "ಆದ್ರೆ ನಿನಗೆ ಸಮುದ್ರ ಕಾಣಲ್ಲ ಅಂದ್ಯಲ್ಲ."

ತೆರೆದ ಕಂಪ್ಯೂಟರ್ ಪೆಟ್ಟಿಗೆಯಿಂದ ಬಿಸಿ ಗಾಳಿ ಮೊಣಕೈಗೆ ತಾಗುತ್ತಿತ್ತು. ಅಂಕಿ ಎಷ್ಟಿತ್ತೋ ದೇವರಿಗೇ ಗೊತ್ತು. ಅವನು ಆಟದ ಸೆಟ್ಟಿಂಗು ತೆರೆದ. ನೀರು ಎಂದಿದ್ದಲ್ಲಿ ಗುರುತನ್ನು ಕೊನೆಯ ತುದಿಯವರೆಗೂ ಎಳೆದ.

"ಏನು ಮಾಡ್ತಿದೀಯ ಅಪ್ಪ?"

"ಸಮುದ್ರ ಹಾಕ್ತಿದೀನಿ."

ಬೂದು ಹಾಳೆ ಒಮ್ಮೆ ನಡುಗಿ ನೀರಾಯಿತು. ಅಲೆಗಳು ಕಿಟಕಿಯ ಕೆಳಗಿನವರೆಗೆ ಬಂದು ಹಿಂದೆ ಹೋಗುತ್ತಿದ್ದವು, ಸಂಜೆಯ ಬಿಸಿಲು ಅವುಗಳ ಬೆನ್ನಿನ ಮೇಲೆ ಚೂರು ಚೂರಾಗಿ ಬಿದ್ದಿತ್ತು, ನೀರಿನ ಬೆಳಕು ಕೋಣೆಯ ಚಾವಣಿಯಲ್ಲಿ ಆಡುತ್ತಿತ್ತು. ಕೆಂಪು ಟೋಪಿ ಮತ್ತು ಬೆಕ್ಕಿನ ಕಿವಿ ಕಿಟಕಿಯ ಮುಂದೆ ಜೊತೆಗೆ ನಿಂತವು. ಟೇಬಲ್ ಫ್ಯಾನು ಕೊರೆಯುವ ಹಾಗೆ ಸದ್ದು ಮಾಡುತ್ತಿತ್ತು, ಅವನಿಗೆ ಅದು ಕೇಳಿಸಲಿಲ್ಲ. ದೂರದಲ್ಲಿ ಒಂದು ದೋಣಿಯಿದೆ, ಅದನ್ನೂ ಇವಳೇ ಮಾಡಿದ್ದೋ ಎಂದು ಕೇಳಲು ಹೊರಟ.

ಪರದೆ ಕಪ್ಪಾಯಿತು.

ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಕಿವಿಯಲ್ಲಿ ಮೌನ. ಅವನ ಕೈ ಆರಿಸುವ ಗುಂಡಿಯ ಕಡೆ ಹೋಗಿತ್ತು, ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಇಷ್ಟು ದಿನ ಕಪ್ಪಾದ ಮೇಲೆ ಫೋನು ಮಾಡುತ್ತಿದ್ದವನು ಅವನು. ಇವತ್ತು ಆ ಕಡೆಯಿಂದ ಬಂತು.

"ಹೋದ್ಯಾ?" ಎಂದಳು ಪುಟ್ಟಿ.

"ಹೋದೆ."

"ಎಲ್ಲೀವರೆಗೆ ನೋಡಿದೆ?"

ಅವನು ಹೇಳಿದ. ಎರಡು ಚಿಲಕ ಹೇಳಿದ, ಹಳದಿ ಗೋಡೆ, ಹೂವು ಸಾಲದ ಮೂಲೆ, ಎರಡು ಕುರ್ಚಿ, ಹಲಗೆ, ರೊಟ್ಟಿ ಹೇಳಿದ. ಚಾವಣಿಯ ಮೇಲೆ ನೀರಿನ ಬೆಳಕು ಆಡುತ್ತಿತ್ತು ಎಂದ. ದೂರದಲ್ಲಿ ಒಂದು ದೋಣಿ ಇತ್ತು, ಅದರ ಹಾಯಿ ಹಸಿರೋ ನೀಲಿಯೋ ಎಂದು ನೋಡುವಷ್ಟರಲ್ಲಿ ಹೋದೆ ಎಂದ.

"ನೀಲಿ" ಎಂದಳು. "ಹಾಗಾದ್ರೆ ಮೆಟ್ಟಿಲು ಹತ್ತಿಲ್ಲ ನೀನು. ಮಹಡಿ ಪೂರ್ತಿ ಬಾಕಿ ಇದೆ."

"ಹೂಂ. ಬಾಕಿ ಇದೆ."

"ಮುಂದಿನ ಶನಿವಾರ ಮೆಟ್ಟಿಲಿಂದ ಶುರು ಮಾಡೋಣ" ಎಂದು ಹೇಳಿ, ಅಮ್ಮ ಕರೆಯುತ್ತಿದ್ದಾಳೆಂದು ಫೋನು ಇಟ್ಟಳು.